ಕೊಡಗಿನ ಮಳೆಗೆ ಒಗ್ಗುವ ಅಗ್ಗದ ಫೋನ್

ಹತ್ತು-ಹನ್ನೆರಡು ಸಾವಿರ ರೂಪಾಯಿಯ ಫೋನಿನ ಪೆಟ್ಟಿಗೆಯ ಮೇಲೆ ಕ್ಯಾಮೆರಾದ ಮೆಗಾಪಿಕ್ಸೆಲ್, ಬ್ಯಾಟರಿಯ ಗಾತ್ರ ಮತ್ತು 5ಜಿ ಎಂಬ ಗುರುತು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತವೆ. ಭಾಗಮಂಡಲದ ಆಸುಪಾಸಿನ ಊರುಗಳಲ್ಲೋ ಸೋಮವಾರಪೇಟೆ ಕಡೆಯ ಕಾಫಿ ತೋಟದಲ್ಲೋ ಬದುಕುವವರಿಗೆ ಇವುಗಳಿಗಿಂತ ಹೆಚ್ಚು ಬೇಕಾದ ಗುಣ ಅಲ್ಲಿ ನಮೂದಾಗಿರುವುದೇ ಇಲ್ಲ. ಕ್ಷೀಣವಾದ ಸಿಗ್ನಲನ್ನು ಆ ಫೋನು ಎಷ್ಟು ಚೆನ್ನಾಗಿ ಹಿಡಿಯುತ್ತದೆ, ಅದಕ್ಕಾಗಿ ಎಷ್ಟು ಬ್ಯಾಟರಿ ಸುಡುತ್ತದೆ ಎಂಬುದೇ ಆ ಗುಣ.

ಪರದೆಯ ಮೂಲೆಯ ಕಡ್ಡಿಗಳನ್ನು ನೋಡಿ ಎರಡು ಫೋನುಗಳನ್ನು ಹೋಲಿಸಲಾಗದು. ಎಷ್ಟು ಸಿಗ್ನಲಿಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದಕ್ಕೆ ಏಕರೂಪದ ನಿಯಮವಿಲ್ಲ. ಬಹುಪಾಲು ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ, ಫೋನಿನ ವಿವರಗಳಿರುವ ಭಾಗದೊಳಗೆ, ಸಿಮ್ ಸ್ಥಿತಿಯನ್ನು ತೆರೆದರೆ ಸಿಗ್ನಲಿನ ಶಕ್ತಿಯನ್ನು ತಿಳಿಸುವ ಡಿಬಿಎಂ ಮಾನದಲ್ಲಿ ಒಂದು ಋಣಸಂಖ್ಯೆ ಕಾಣುತ್ತದೆ. 4ಜಿಯಲ್ಲಿ ಅದು −85ರ ಆಸುಪಾಸಿನಲ್ಲಿದ್ದರೆ ಸಂಪರ್ಕ ಸೊಗಸಾಗಿರುತ್ತದೆ. −115 ದಾಟಿ ಕುಸಿದರೆ ಮಾತು ತುಂಡಾಗತೊಡಗುತ್ತದೆ. ಇದು ಲಾಗರಿತಮ್ ಅಳತೆಯಾದ್ದರಿಂದ 10 ಅಂಕ ಇಳಿದರೆ ತಲುಪುವ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ, 20 ಇಳಿದರೆ ನೂರರಲ್ಲಿ ಒಂದು ಪಾಲು. ಒಂದೇ ಜಗಲಿಯಲ್ಲಿ, ಒಂದೇ ಸಿಮ್ ಹಾಕಿ, ಒಂದೇ ಬ್ಯಾಂಡಿನಲ್ಲಿ (ಎಂದರೆ ರೇಡಿಯೊ ಅಲೆಗಳ ಒಂದೇ ಆವರ್ತನ ಪಟ್ಟಿಯಲ್ಲಿ) ನೋಡಿದಾಗ ಎರಡು ಫೋನುಗಳ ನಡುವೆ ಸತತವಾಗಿ 6 ಅಂಕದ ಅಂತರ ಕಂಡರೆ, ಒಂದರ ಆಂಟೆನಾ ಇನ್ನೊಂದರ ನಾಲ್ಕು ಪಟ್ಟು ಶಕ್ತಿಯನ್ನು ಹಿಡಿಯುತ್ತಿದೆ ಎಂದು ಸ್ಥೂಲವಾಗಿ ಹೇಳಬಹುದು. ಈ ಸಂಖ್ಯೆ ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ ಹಲವು ಬಾರಿ ನೋಡಬೇಕು. ಕೈಯಲ್ಲಿ ಹಿಡಿದೇ ನೋಡಬೇಕು, ಏಕೆಂದರೆ ಅಂಗೈ ಕೂಡ ಆಂಟೆನಾವನ್ನು ಮರೆಮಾಡುತ್ತದೆ.

ಬ್ಯಾಂಡುಗಳ ವಿಷಯ ಇನ್ನೂ ಮುಖ್ಯ. 700 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್, 2300 ಮೆಗಾಹರ್ಟ್ಸ್‌ನದು ಸುಮಾರು 13. ಉದ್ದದ ಅಲೆ ಗುಡ್ಡದ ಅಂಚಿನಲ್ಲಿ ಹೆಚ್ಚು ಬಾಗಿ ಆಚೆಯ ಕಣಿವೆಗೂ ಇಳಿಯುತ್ತದೆ. ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗಿನ ಕಾಫಿ ಗಿಡ ಎಲ್ಲವೂ ಅಲೆಯನ್ನು ಹೀರುತ್ತವೆ, ಗಿಡ್ಡ ಅಲೆಯನ್ನು ಹೆಚ್ಚಾಗಿ ಹೀರುತ್ತವೆ. ಆಟಿ ತಿಂಗಳ ಮಳೆಯಲ್ಲಿ ಎಲೆಗಳು ನೆನೆದಾಗ ಈ ನಷ್ಟ ಇನ್ನೂ ಏರುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ತಯಾರಕರ ವಿವರಪಟ್ಟಿಯಲ್ಲಿ 5, 8 ಮತ್ತು 28ನೇ ಬ್ಯಾಂಡುಗಳಿವೆಯೇ ಎಂದು ಹುಡುಕಬೇಕು. ಇವು ಕ್ರಮವಾಗಿ 850, 900 ಮತ್ತು 700 ಮೆಗಾಹರ್ಟ್ಸ್‌ಗೆ ಸೇರಿದವು. 2022ರ ತರಂಗಾಂತರ ಹರಾಜಿನಲ್ಲಿ ಮಾರಾಟವಾದ 700 ಮೆಗಾಹರ್ಟ್ಸ್ ಬ್ಯಾಂಡನ್ನು ಹಿಡಿಯಲಾರದ 5ಜಿ ಫೋನು ಕಣಿವೆಯಲ್ಲಿ ಹೆಸರಿಗಷ್ಟೇ 5ಜಿ ಆಗಿ ಉಳಿಯಬಹುದು.

ಸಿಗ್ನಲ್ ಕ್ಷೀಣಿಸಿದಷ್ಟೂ ಫೋನು ಮೊಬೈಲ್ ಗೋಪುರಕ್ಕೆ ಕೇಳಿಸುವಂತೆ ತನ್ನ ಪ್ರಸಾರವನ್ನು ಏರಿಸುತ್ತದೆ. 4ಜಿಯಲ್ಲಿ ಸಾಮಾನ್ಯ ಫೋನಿನ ಗರಿಷ್ಠ ಪ್ರಸಾರ ಸುಮಾರು 200 ಮಿಲಿವ್ಯಾಟ್, ಅದನ್ನು ಹೊರಡಿಸಲು ಆಂಪ್ಲಿಫೈಯರ್ ಅದಕ್ಕಿಂತ ಬಹಳ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ. ಮಡಿಕೇರಿ ಪೇಟೆಯಲ್ಲಿ ಎರಡು ದಿನ ಬಾಳುವ 5000 ಎಂಎಎಚ್ ಬ್ಯಾಟರಿ ತೋಟದ ಮನೆಯಲ್ಲಿ ಸಂಜೆಯೊಳಗೆ ಸೋಲುವುದು ಇದರಿಂದಲೇ. ಮರ ಬಿದ್ದು ಕರೆಂಟು ದಿನಗಟ್ಟಲೆ ಹೋಗುವ ಜಿಲ್ಲೆಯಲ್ಲಿ ಇದು ಸಣ್ಣ ಕೊರತೆಯಲ್ಲ. ರಾತ್ರಿ ಮಲಗುವಾಗ ಬ್ಯಾಟರಿ ಎಷ್ಟಿತ್ತು, ಬೆಳಗ್ಗೆ ಎಷ್ಟು ಉಳಿಯಿತು ಎಂದು ಮನೆಯಲ್ಲೇ ನೋಡುವುದು ಯಾವ ಜಾಹೀರಾತಿಗಿಂತಲೂ ನಂಬತಕ್ಕ ಪರೀಕ್ಷೆ ಎಂದು ನನ್ನ ಅಭಿಪ್ರಾಯ.

ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2 ಮೆಗಾಪಿಕ್ಸೆಲ್‌ನ ಎರಡನೇ ಕ್ಯಾಮೆರಾ ಬಹುತೇಕ ಎಣಿಕೆ ತುಂಬಿಸಲು ಇಟ್ಟದ್ದು. ಪರದೆಯನ್ನು ಮಾತ್ರ ಅಂಗಡಿಯಲ್ಲೇ ಪರೀಕ್ಷಿಸಬೇಕು. ಗಾಜಿನ ಕೆಳಗಿನ ವಾಹಕ ಗೆರೆಗಳ ಜಾಲ, ಬೆರಳು ಬಂದಾಗ ಧಾರಕತೆಯಲ್ಲಾಗುವ, ಎಂದರೆ ವಿದ್ಯುದಂಶವನ್ನು ಹಿಡಿದಿಡುವ ಗುಣದಲ್ಲಾಗುವ, ಬದಲಾವಣೆಯನ್ನು ಅಳೆಯುತ್ತದೆ. ನೀರಿನ ಹನಿಯೂ ಅದೇ ಬಗೆಯ ಬದಲಾವಣೆ ತರುವುದರಿಂದ ಪರದೆ ಹನಿಯನ್ನೇ ಬೆರಳೆಂದು ತಿಳಿಯುತ್ತದೆ. ನಾಲ್ಕು ಹನಿ ಚಿಮುಕಿಸಿ ಒಂದು ಸಂಖ್ಯೆ ಒತ್ತಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಐಪಿ54 ಎಂಬ ರಕ್ಷಣಾ ದರ್ಜೆ ಇದೆ ಎಂದರೆ ಎರಚುವ ನೀರಿಗಷ್ಟೇ ರಕ್ಷಣೆ, ಮುಳುಗಿಸುವುದಕ್ಕಲ್ಲ. ಚಾರ್ಜಿಂಗ್ ಕಿಂಡಿಯಲ್ಲಿ ತೇವ ಇರುವಾಗಲೇ ತಂತಿ ಚುಚ್ಚಿದರೆ ವಿದ್ಯುದ್ವಿಭಜನೆ (ತೇವದ ಮೂಲಕ ವಿದ್ಯುತ್ ಹರಿದು ಆಗುವ ರಾಸಾಯನಿಕ ಕ್ರಿಯೆ) ನಡೆದು ಒಳಗಿನ ಲೋಹದ ಸಂಪರ್ಕಗಳು ಸವೆಯುತ್ತವೆ. ಮಳೆಗಾಲದಲ್ಲಿ ಕಿಂಡಿಯನ್ನು ಕೆಳಮುಖವಾಗಿ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಪೂರ್ತಿ ಒಣಗಿಸಿದ ಮೇಲೆಯೇ ಚಾರ್ಜಿಗೆ ಹಾಕಬೇಕು.