ಸ್ಕೆಲಿಗ್ ಮೈಕಲ್: ಬಂಡೆ ಮೇಲಿನ ಮಠಕ್ಕೆ ಎಷ್ಟು ಜನ ಹತ್ತಬಹುದು?

ಐರ್ಲೆಂಡಿನ ಕೆರ್ರಿ ಕರಾವಳಿಯಿಂದ ಸುಮಾರು 12 ಕಿ.ಮೀ. ದೂರದಲ್ಲಿ, ಅಟ್ಲಾಂಟಿಕ್ ಸಮುದ್ರದಲ್ಲಿ ಸ್ಕೆಲಿಗ್ ಮೈಕಲ್ ಎಂಬ ಬಂಡೆ ದ್ವೀಪವಿದೆ. ಅದರ ಮೇಲೆ ಕ್ರೈಸ್ತ ಸನ್ಯಾಸಿಗಳ ಹಳೇ ಮಠ. ಇಲ್ಲಿಗೆ ದಿನಕ್ಕೆ ಎಷ್ಟು ಜನ ಬರಬಹುದು ಅನ್ನೋ ಚರ್ಚೆ ಮುಗಿದೇ ಇಲ್ಲ.

ಮಠ ಶುರುವಾದದ್ದು 6ರಿಂದ 8ನೇ ಶತಮಾನದ ನಡುವೆ. 9ನೇ ಶತಮಾನದಲ್ಲಿ ವೈಕಿಂಗರು (ಉತ್ತರ ಯುರೋಪಿನ ಕಡಲ ದಾಳಿಕೋರರು) ದಾಳಿ ಮಾಡಿ ಎಟ್ಗಲ್ ಎಂಬ ಸನ್ಯಾಸಿಯನ್ನು ಹಿಡಿದುಕೊಂಡು ಹೋದರು, ಆತ ಹಸಿವಿನಿಂದ ಸತ್ತ. ಮಠ ಮಾತ್ರ ನಿಲ್ಲಲಿಲ್ಲ. 13ನೇ ಶತಮಾನದ ಹೊತ್ತಿಗೆ ಸನ್ಯಾಸಿಗಳು ದಡದ ಬ್ಯಾಲಿನ್‌ಸ್ಕೆಲಿಗ್ಸ್ ಸೇರಿದರು. ಆಮೇಲೆ ಯಾತ್ರಿಕರು ಬಂದರು, 1820ರ ದಶಕದಲ್ಲಿ ಎರಡು ದೀಪಸ್ತಂಭ ಎದ್ದವು, 1880ರಲ್ಲಿ ಮಠ ಸರ್ಕಾರದ ಸುಪರ್ದಿಗೆ ಬಂತು.

ಇಷ್ಟು ಕಾಲ ಇದು ಉಳಿದದ್ದು ಹೇಗೆ? ಸನ್ಯಾಸಿಗಳು ವಾಸವಿದ್ದ ಕಲ್ಲಿನ ಗುಡಿಸಲುಗಳನ್ನೇ ನೋಡಿ. ಹೊರಗೆ ದುಂಡಗೆ, ಒಳಗೆ ಚೌಕ. ಗಾರೆಯೇ ಇಲ್ಲ. ಚಪ್ಪಟೆ ಕಲ್ಲುಗಳ ಒಂದೊಂದು ಸುತ್ತನ್ನೂ ಕೆಳಗಿನದಕ್ಕಿಂತ ಸ್ವಲ್ಪ ಒಳಕ್ಕೆ ಸರಿಸಿ, ಹೊರಕ್ಕೆ ಇಳಿಜಾರು ಕೊಟ್ಟು ಕಟ್ಟಿದ್ದಾರೆ. ಮಳೆ ನೀರು ಹೊರಗೇ ಜಾರಿ ಹೋಗುತ್ತದೆ. ಕಡಿದಾದ ಇಳಿಜಾರಿಗೆ ತಡೆಗೋಡೆ ಕಟ್ಟಿ, ಮಟ್ಟಸ ಜಾಗ ಮಾಡಿಕೊಂಡು, ಅದರ ಮೇಲೆ ಈ ಗುಡಿಸಲು ನಿಲ್ಲಿಸಿದರು. ಹಾಗಾಗಿ ಗೋಡೆ ಅಲುಗಾಡಿದರೆ ಎಲ್ಲಕ್ಕೂ ಅಪಾಯ.

ಅದೇ ಆಯಿತು. 1978ರಲ್ಲಿ ತಡೆಗೋಡೆಯ ಒಂದು ಭಾಗ ಕುಸಿಯಿತು. ಅಲ್ಲಿಂದ ಶುರುವಾದ ದುರಸ್ತಿ ದಶಕಗಟ್ಟಲೆ ನಡೆಯಿತು. ಬೇಸಿಗೆಯಲ್ಲಿ ಮಾತ್ರ ಕೆಲಸ, ಸಾಮಾನೆಲ್ಲ ಸಮುದ್ರ ದಾಟಿ ಬರಬೇಕು. ಹಳೇ ಕಲ್ಲನ್ನು ಎಷ್ಟು ಮುಟ್ಟಬೇಕು, ಬಿದ್ದದ್ದನ್ನು ಮತ್ತೆ ಎಬ್ಬಿಸಬೇಕಾ ಎಂಬ ವಾದವೂ ಎದ್ದಿತು. ನಿಂತಿರುವುದನ್ನು ಗಟ್ಟಿ ಮಾಡಿದರೆ ಸಾಕು ಅನ್ನುವವರ ಮಾತು ಸರಿ ಅನಿಸುತ್ತದೆ.

1996ರಲ್ಲಿ ದ್ವೀಪ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 2014 ಮತ್ತು 2015ರಲ್ಲಿ 'ಸ್ಟಾರ್ ವಾರ್ಸ್' ಸಿನಿಮಾ ಚಿತ್ರೀಕರಣ ನಡೆದ ಮೇಲೆ ಬರಬೇಕೆನ್ನುವವರು ಜಾಸ್ತಿಯಾದರು. ದಿನಕ್ಕೆ ಸುಮಾರು 180 ಜನ ಎಂಬುದು ರೂಢಿಯ ಮಿತಿ. ಈ ಮಿತಿ ಹೆಚ್ಚಲಿ ಅನ್ನುವ, ಪ್ರವಾಸಿಗರನ್ನು ಕರೆತರುವ ದೋಣಿಯವರ ಕಷ್ಟವೂ ನಿಜ. ದ್ವೀಪ ತೆರೆದಿರುವುದೇ ಬೇಸಿಗೆಯ ಕೆಲವು ತಿಂಗಳು, ಅದರಲ್ಲೂ ಕಡಲು ಒರಟಾದರೆ ಇಳಿಯೋದೇ ಆಗಲ್ಲ. ಆದರೆ ಅದೇ ತಿಂಗಳುಗಳಲ್ಲಿ ಪಫಿನ್ ಹಕ್ಕಿಗಳು ಬಿಲ ತೋಡಿ ಮರಿ ಮಾಡುತ್ತವೆ. ಮಠಕ್ಕೆ ಹತ್ತುವ 600ಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲುಗಳೂ ಸವೆಯುವಂಥವೇ, ಅಲ್ವಾ? 2009ರಲ್ಲಿ ಇಬ್ಬರು ಪ್ರವಾಸಿಗರು ಬಿದ್ದು ಸತ್ತದ್ದೂ ಇಲ್ಲೇ.

ದ್ವೀಪಕ್ಕೆ ಇಳಿಯದೆ, ಸುತ್ತ ಒಂದು ಸುತ್ತು ಹಾಕಿಸಿ ತರುವ ದೋಣಿಗಳು ಈಗಾಗಲೇ ಇವೆ. ಬೇಡಿಕೆ ಹೆಚ್ಚಿದರೆ ಬೆಳೆಸಬೇಕಾದದ್ದು ಅವನ್ನು, 180ನ್ನಲ್ಲ.