ಪಿಎಚ್‌ಡಿ ಜಾಗ ಖಾಲಿಯಾಗುವ ಸುಳಿವು ಮೊದಲೇ ಸಿಗುತ್ತದೆಯೇ?

ಪ್ರಶ್ನೆ: ಎಂಎಸ್ಸಿ ಮುಗಿಯುತ್ತಾ ಬಂತು. ಪಿಎಚ್‌ಡಿಗಾಗಿ ತುಂಬಾ ಪ್ರೊಫೆಸರ್‌ಗಳಿಗೆ ಮೇಲ್ ಕಳಿಸಿದೆ, ಒಬ್ಬರೂ ಉತ್ತರಿಸಲಿಲ್ಲ. ಜಾಗ ಇರುವುದು ಗೊತ್ತಾಗುವುದು ಹೇಗೆ?

ಉತ್ತರ: ಜಾಹೀರಾತು ಬರುವ ವೆಬ್‌ಸೈಟ್‌ಗಳನ್ನು ಮೊದಲು ಹೇಳಿಬಿಡುತ್ತೇನೆ. ಯುರೋಪಿಗೆ ಯುರಾಕ್ಸೆಸ್, ಬ್ರಿಟನ್ನಿಗೆ ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ, ಪಿಎಚ್‌ಡಿ ಪ್ರಾಜೆಕ್ಟ್‌ಗಳಿಗೆಂದೇ ಫೈಂಡ್ ಎ ಪಿಎಚ್‌ಡಿ. ಮೂರರಲ್ಲೂ ನಿಮ್ಮ ವಿಷಯಕ್ಕೆ ಅಲರ್ಟ್ ಹಾಕಿಡಿ. ಆದರೆ ಜಾಹೀರಾತು ಎಲ್ಲರ ಕಣ್ಣಿಗೂ ಬೀಳುತ್ತೆ, ಅಲ್ವಾ? ಅದಕ್ಕೂ ಮೊದಲು ದುಡ್ಡು ಎಲ್ಲಿಗೆ ಬಂದಿದೆ ಅಂತ ನೋಡಬೇಕು.

ನಿಮಗೆ ಹಿಡಿಸಿದ ಒಂದು ಪೇಪರ್ ತೆಗೆಯಿರಿ. ಸಾಮಾನ್ಯವಾಗಿ ಕೊನೆಯಲ್ಲಿ, ರೆಫರೆನ್ಸ್ ಪಟ್ಟಿಯ ಹತ್ತಿರ, ಧನ್ಯವಾದ ಹೇಳುವ ಪುಟ್ಟ ಪ್ಯಾರಾ ಇರುತ್ತದೆ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಅನುದಾನ ಕೊಟ್ಟ ಸಂಸ್ಥೆಯ ಹೆಸರು, ಗ್ರಾಂಟ್ ನಂಬರ್ ಎರಡೂ ಅಲ್ಲೇ ಸಿಗುತ್ತವೆ. ಆ ನಂಬರನ್ನು ಅನುದಾನಿತ ಪ್ರಾಜೆಕ್ಟ್‌ಗಳ ಆನ್‌ಲೈನ್ ಪಟ್ಟಿಯಲ್ಲಿ ಹುಡುಕಿ: ಅಮೆರಿಕದ ಅನುದಾನ ಸಂಸ್ಥೆ ಎನ್‌ಎಸ್‌ಎಫ್‌ನದಾದರೆ ಎನ್‌ಎಸ್‌ಎಫ್ ಅವಾರ್ಡ್ ಸರ್ಚ್, ಐರೋಪ್ಯ ಒಕ್ಕೂಟದ್ದಾದರೆ ಕಾರ್ಡಿಸ್, ಜರ್ಮನಿಯ ಅನುದಾನ ಸಂಸ್ಥೆ ಡಿಎಫ್‌ಜಿಯದಾದರೆ ಗೆಪ್ರಿಸ್. ಪ್ರಾಜೆಕ್ಟ್ ಯಾವಾಗ ಶುರುವಾಯಿತು ಅಂತ ಗೊತ್ತಾಗುತ್ತದೆ. ಇನ್ನಾರು ತಿಂಗಳಲ್ಲಿ ಮುಗಿಯುವ ಗ್ರಾಂಟಿನಿಂದ ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವುದು ಕಷ್ಟ. ಈಗಷ್ಟೇ ಶುರುವಾದದ್ದಾದರೆ ಜನ ಬೇಕಾಗಿರುತ್ತಾರೆ. ಯುರೋಪಿಯನ್ ರಿಸರ್ಚ್ ಕೌನ್ಸಿಲ್ ಪ್ರತಿವರ್ಷ ಸ್ಟಾರ್ಟಿಂಗ್ ಗ್ರಾಂಟ್ ಗೆದ್ದವರ ಪಟ್ಟಿ ಪ್ರಕಟಿಸುತ್ತದೆ. 5 ವರ್ಷಕ್ಕೆ ಸುಮಾರು 15 ಲಕ್ಷ ಯೂರೋವರೆಗೆ ಸಿಗುವ ಆ ಹಣದಲ್ಲಿ ಅವರು ತಂಡ ಕಟ್ಟಬೇಕು. ನನ್ನ ಪ್ರಕಾರ ಮೇಲ್ ಕಳಿಸಲು ಅದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ. ರಿಸರ್ಚ್ ಅಸಿಸ್ಟೆಂಟ್, ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಹುದ್ದೆ ಹುಡುಕುವವರಿಗೂ ಇದೇ ದಾರಿ.

ಇನ್ನು ಮೇಲ್. 'ನಿಮ್ಮ ಸಂಶೋಧನೆಯಲ್ಲಿ ನನಗೆ ತುಂಬಾ ಆಸಕ್ತಿ' ಅಂತ ಸುಮ್ನೆ ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. 'ನಿಮ್ಮ ಪೇಪರಿನ 3ನೇ ಚಿತ್ರದಲ್ಲಿ 60 ಡಿಗ್ರಿ ದಾಟಿದ ಮೇಲೆ ಬ್ಯಾಟರಿಯ ಸಾಮರ್ಥ್ಯ ಕುಸಿಯುತ್ತದೆ. ಅದೇ ಎಲೆಕ್ಟ್ರೋಲೈಟಿನ ಮೇಲೆ ನಾನು ಇಂಪೀಡೆನ್ಸ್ ಅಳತೆ ಮಾಡಿದ್ದೇನೆ' ಎಂದು ಬರೆದು ನೋಡಿ. ಇಷ್ಟು ಬರೆಯಲು ಪೇಪರ್ ಓದಿರಲೇಬೇಕು, ಓದಿರುವುದು ಅವರಿಗೂ ಕಾಣುತ್ತದೆ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಸಾಕು.

ಪದ್ಧತಿ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ವಿಭಾಗಕ್ಕೆ ಅರ್ಜಿ ಹಾಕಬೇಕು. ಹೆಚ್ಚಿನ ಕಡೆ ಡಿಸೆಂಬರ್ ಆಸುಪಾಸಿಗೆ ಗಡುವು, ಆಯ್ಕೆ ಸಮಿತಿಯದು. ನೆದರ್ಲೆಂಡ್ಸ್, ಸ್ವೀಡನ್‌ಗಳಲ್ಲಿ ಪಿಎಚ್‌ಡಿ ಅಂದರೆ ಹೆಚ್ಚಾಗಿ ಸಂಬಳದ ಕೆಲಸವೇ, ವರ್ಷವಿಡೀ ಜಾಹೀರಾತು ಬರುತ್ತಿರುತ್ತದೆ. ಐರೋಪ್ಯ ಒಕ್ಕೂಟದ ಹಣದಲ್ಲಿ ನಡೆಯುವ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್‌ಗಳಲ್ಲಿ ಒಂದು ನಿಯಮ ನೆನಪಿರಲಿ: ಸೇರುವ ಮುಂಚಿನ 36 ತಿಂಗಳಲ್ಲಿ, ಸೇರಲಿರುವ ಸಂಸ್ಥೆ ಇರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ನೆಲೆಸಿರಬಾರದು. ಆ ದೇಶದಲ್ಲೇ ಈಗ ಓದುತ್ತಿರುವ ಎಷ್ಟೋ ಜನರಿಗೆ ಇದೇ ಅಡ್ಡಿ.

ಜಾಗ ಸಿಕ್ಕಿತು ಅಂತ ತಕ್ಷಣ ಒಪ್ಪಿಕೊಳ್ಳಬೇಡಿ. ಆ ಲ್ಯಾಬಿನ ವಿದ್ಯಾರ್ಥಿ ಒಬ್ಬರ ಜೊತೆ, ಪ್ರೊಫೆಸರ್ ಇಲ್ಲದಾಗ, ಮಾತಾಡಿ. ಹಿಂದಿನವರು ಮುಗಿಸಲು ಎಷ್ಟು ವರ್ಷ ತೆಗೆದುಕೊಂಡರು, ಗ್ರಾಂಟ್ ನಡುವೆ ಮುಗಿದಾಗ ಸಂಬಳ ಯಾರು ಕೊಟ್ಟರು ಅಂತ ಕೇಳಿ.