ನೀವು ಬರೆದ ಪತ್ರ ಬೇಡ, ಅವರು ಬರೆದದ್ದು ಕೊಡಿ

ಮಳೆ ಹಿಡಿದ ಮೇಲೆ ನನ್ನ ವಕೀಲಿ ಕಚೇರಿಗೆ ಕಟ್ಟಡದ ತಕರಾರುಗಳು ಬರತೊಡಗುತ್ತವೆ. ಬೇಸಿಗೆಯಿಡೀ ಗುತ್ತಿಗೆದಾರರಿಗೆ ಪುರುಸೊತ್ತಿರುವುದಿಲ್ಲ, ಜೂನ್ ಬರುವುದರೊಳಗೆ ಸ್ಲ್ಯಾಬ್ ಹಾಕಿ ಮುಗಿಸಬೇಕು. ಕೆಲಸ ನಿಂತಾಗ ಹಳೆಯ ಬಾಕಿ ನೆನಪಾಗುತ್ತದೆ. ಮನೆ ಕಟ್ಟಿಸಿದವರಿಗೆ ತಾರಸಿ ಸೋರಿದಾಗ ಗುತ್ತಿಗೆದಾರ ನೆನಪಾಗುತ್ತಾನೆ.

ಕಳೆದ ಮಳೆಗಾಲದಲ್ಲಿ ಪಡುಬಿದ್ರಿ ಕಡೆಯ ಹಿರಿಯ ಗುತ್ತಿಗೆದಾರರೊಬ್ಬರು ಬಂದಿದ್ದರು. ಮೊದಲು ಪ್ಲಾಸ್ಟಿಕ್ ಚೀಲ, ಅದರೊಳಗೆ ಬಟ್ಟೆ, ಬಟ್ಟೆಯೊಳಗೆ ಫೈಲು. ಒಂದು ಸಂಸ್ಥೆಗೆ ಕಟ್ಟಡದ ಪಂಚಾಂಗ (ತಳಪಾಯ), ಹಿಂಬದಿಗೆ ಕೆಂಪುಕಲ್ಲಿನ ತಡೆಗೋಡೆ ಕಟ್ಟಿಕೊಟ್ಟಿದ್ದರು. ಗುಡ್ಡ ಕಡಿದಾಗ ಮಣ್ಣು ಜರಿದದ್ದರಿಂದ ಗೋಡೆಯ ಎತ್ತರ ನಕ್ಷೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚಾಯಿತು. ಆ ಹೆಚ್ಚುವರಿ ಕೆಲಸದ ಹಣವೂ ಬರಲಿಲ್ಲ, ಫೈನಲ್ ಬಿಲ್ಲಿನ ಬಾಕಿಯೂ ಬರಲಿಲ್ಲ. ಫೈಲಿನಲ್ಲಿ ಮೂವತ್ತೊಂದು ಜ್ಞಾಪನಾ ಪತ್ರಗಳಿದ್ದವು. ಪ್ರತಿಯೊಂದಕ್ಕೂ ರಿಜಿಸ್ಟರ್ಡ್ ಅಂಚೆಯ ರಸೀದಿ ಅಂಟಿಸಿ, ಸ್ವೀಕೃತಿ ಚೀಟಿ ಪಿನ್ ಮಾಡಿ, ತಾರೀಕಿನ ಪ್ರಕಾರ ಜೋಡಿಸಿದ್ದರು. ಕೊನೆಯ ಪತ್ರ ಹಿಂದಿನ ತಿಂಗಳದ್ದು.

"ಮೇಡಂ, ಒಂದು ತಿಂಗಳೂ ಬಿಟ್ಟಿಲ್ಲ. ಕೇಸು ಗಟ್ಟಿ ಇದೆಯಲ್ಲ?" ಎಂದು ಕೇಳಿದರು.

ಕೆಲಸ ಮುಗಿದು ನಾಲ್ಕು ವರ್ಷ ದಾಟಿತ್ತು. ಆ ಮೂವತ್ತೊಂದು ಪತ್ರಗಳು ದಾವೆ ಹೂಡಲು ಇರುವ ಕಾಲಮಿತಿಯನ್ನು ಒಂದು ದಿನವೂ ಮುಂದಕ್ಕೆ ತಳ್ಳಿರಲಿಲ್ಲ ಎಂದು ಅಷ್ಟು ಶ್ರದ್ಧೆಯಿಂದ ಫೈಲು ಕಟ್ಟಿದ ಮನುಷ್ಯನಿಗೆ ಹೇಳಬೇಕಾಗಿ ಬಂದಾಗ ನನಗೆ ನಿಜಕ್ಕೂ ಸಂಕಟವಾಯಿತು. ವರ್ಷಕ್ಕೆ ಎಷ್ಟೋ ಸಲ ಇದನ್ನೇ ಹೇಳುತ್ತಿದ್ದೇನೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

1963ರ ಕಾಲಮಿತಿ ಕಾಯ್ದೆಯ ಪ್ರಕಾರ, ಮಾಡಿಕೊಟ್ಟ ಕೆಲಸದ ಹಣ ಕೇಳಲು ಸಾಮಾನ್ಯವಾಗಿ ಮೂರು ವರ್ಷ. ಹಣ ಕೊಡುವ ದಿನ ನಿಗದಿಯಾಗಿರದಿದ್ದರೆ ಕೆಲಸ ಮುಗಿದ ದಿನದಿಂದ ಲೆಕ್ಕ. ಒಪ್ಪಂದ ಮುರಿದದ್ದಕ್ಕೆ ಪರಿಹಾರ ಕೇಳುವುದಾದರೆ ಮುರಿದ ದಿನದಿಂದ ಮೂರು ವರ್ಷ. ಗಡಿಯಾರ ಒಮ್ಮೆ ಶುರುವಾದರೆ ನೀವು ಬರೆದ ಪತ್ರಕ್ಕೆ ಅದು ನಿಲ್ಲುವುದಿಲ್ಲ. ನಾನು ಕಳಿಸಿದ ಲಾಯರ್ ನೋಟಿಸಿಗೂ ನಿಲ್ಲುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ನೂರು ಸಲ ಕೇಳಿದರೂ, ಅವರ ಕಚೇರಿಯ ಬೆಂಚಿನ ಮೇಲೆ ದಿನವಿಡೀ ಕೂತು ಬಂದರೂ ನಿಲ್ಲುವುದಿಲ್ಲ. ಎದುರು ಪಕ್ಷದವರು ಈ ಆಕ್ಷೇಪ ಎತ್ತದಿದ್ದರೂ ಅವಧಿ ಮೀರಿದ ದಾವೆಯನ್ನು ನ್ಯಾಯಾಲಯ ತಾನೇ ವಜಾ ಮಾಡಬೇಕು, ಕಾಯ್ದೆಯ 3ನೇ ಸೆಕ್ಷನ್ ಹಾಗೆ ಹೇಳುತ್ತದೆ.

"ವಿಳಂಬ ಮನ್ನಾಕ್ಕೆ ಅರ್ಜಿ ಹಾಕಿದರಾಯಿತು" ಎಂದು ಯಾರೋ ಸಲಹೆ ಕೊಟ್ಟಿರುತ್ತಾರೆ. ಆ ಅರ್ಜಿ ಇರುವುದು ಮೇಲ್ಮನವಿಗಳಿಗೆ ಮತ್ತು ಕೆಲವು ಅರ್ಜಿಗಳಿಗೆ. ಮೂಲ ದಾವೆಗೆ 5ನೇ ಸೆಕ್ಷನ್ ಅನ್ವಯಿಸುವುದಿಲ್ಲ. ಕಾಯಿಲೆ, ಮಗಳ ಮದುವೆ, ಎಷ್ಟೇ ನಿಜವಾದ ಕಾರಣವಿದ್ದರೂ ನ್ಯಾಯಾಧೀಶರ ಕೈ ಕಟ್ಟಿರುತ್ತದೆ.

ಇನ್ನು ಕೆಲವರು ಸುಪ್ರೀಂ ಕೋರ್ಟಿನ 1988ರ ತೀರ್ಪೊಂದನ್ನು ಹಿಡಿದುಕೊಂಡು ಬರುತ್ತಾರೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರದ ವಿರುದ್ಧ ಮೇಜರ್ ಇಂದರ್ ಸಿಂಗ್ ರೇಖಿ ಗೆದ್ದ ಪ್ರಕರಣ ಅದು. ಅಲ್ಲಿ ಗುತ್ತಿಗೆದಾರ ಗೆದ್ದದ್ದು ಹೌದು, ಆದರೆ ಬಿಲ್ ಅಂತಿಮವಾಗಿರಲಿಲ್ಲ, ಅದಕ್ಕೇ ಗೆದ್ದರು. ಜ್ಞಾಪನಾ ಪತ್ರ ಬರೆಯುತ್ತ ವ್ಯಾಜ್ಯ ಕಾರಣವನ್ನು, ಅಂದರೆ ದಾವೆಯ ಹಕ್ಕು ಹುಟ್ಟುವ ದಿನವನ್ನು, ಮುಂದೂಡಲಾಗದು ಎಂದು ಅದೇ ತೀರ್ಪು ಸ್ಪಷ್ಟವಾಗಿ ಹೇಳಿದೆ. 2021ರಲ್ಲಿ ಬಿಎಸ್ಎನ್ಎಲ್ ಮತ್ತು ನಾರ್ಟೆಲ್ ನಡುವಿನ ಪ್ರಕರಣದಲ್ಲಿ, ನಾರ್ಟೆಲ್‌ಗೆ ಬರಬೇಕಾದ ಹಣ ಕಡಿತವಾಗಿ ಅದರ ಬೇಡಿಕೆ ತಿರಸ್ಕೃತವಾದದ್ದು 2014ರ ಆಗಸ್ಟ್‌ನಲ್ಲಿ, ಆರ್ಬಿಟ್ರೇಷನ್ (ಒಪ್ಪಂದದ ಪ್ರಕಾರ ನೇಮಿಸಿದ ತೀರ್ಪುಗಾರರು ಕೋರ್ಟಿನ ಹೊರಗೆ ತೀರ್ಪು ಕೊಡುವುದು) ನೋಟಿಸ್ ಕೊಟ್ಟದ್ದು 2020ರ ಏಪ್ರಿಲ್‌ನಲ್ಲಿ. ದೊಡ್ಡ ಕಂಪನಿ, ದೊಡ್ಡ ವಕೀಲರು, ಆದರೂ ಅವಧಿ ಮೀರಿದೆ ಎಂದು ಬಾಗಿಲು ಮುಚ್ಚಿತು.

ಮಾತುಕತೆಗೆ ಬೆಲೆಯೇ ಇಲ್ಲವೇ ಎಂದರೆ, ಸ್ವಲ್ಪ ಇದೆ. ಆರ್ಬಿಟ್ರೇಷನ್ ಪ್ರಕರಣಗಳಲ್ಲಿ, ಸಂಧಾನದ ಇಡೀ ಇತಿಹಾಸವನ್ನು ದಾಖಲೆ ಸಮೇತ ಮಂಡಿಸಿದರೆ, ಸಂಧಾನ ನಿಜವಾಗಿ ಮುರಿದುಬಿದ್ದ ದಿನ ಯಾವುದೆಂದು ನೋಡಿ ಅಲ್ಲಿಂದ ಎಣಿಸಬಹುದು ಎಂದು 2019ರ ಜಿಯೋ ಮಿಲ್ಲರ್ ತೀರ್ಪಿನಲ್ಲಿದೆ. ಆ ಪ್ರಕರಣದಲ್ಲಿಯೇ ಗುತ್ತಿಗೆದಾರರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಅದನ್ನು ನಂಬಿ ಕುಳಿತುಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ.

ಗಡಿಯಾರವನ್ನು ಹೊಸದಾಗಿ ಶುರುಮಾಡುವುದು ಎದುರಿನವರ ಬರಹ. ಮೂರು ವರ್ಷ ಮುಗಿಯುವ ಮೊದಲು ಅವರೋ ಅವರ ಅಧಿಕೃತ ಪ್ರತಿನಿಧಿಯೋ ಬಾಕಿ ಇರುವುದನ್ನು ಒಪ್ಪಿ ಬರಹದಲ್ಲಿ ಸಹಿ ಹಾಕಿದರೆ, 18ನೇ ಸೆಕ್ಷನ್ ಪ್ರಕಾರ ಆ ಸಹಿಯ ದಿನದಿಂದ ಮತ್ತೆ ಮೂರು ವರ್ಷ. ಅವಧಿಯೊಳಗೆ ಆ ಬಾಕಿಯಲ್ಲೇ ಒಂದಂಶ ಪಾವತಿಸಿದರೂ 19ನೇ ಸೆಕ್ಷನ್ ಅಡಿಯಲ್ಲಿ ಹೊಸ ಅವಧಿ ಸಿಗುತ್ತದೆ, ಆದರೆ ಪಾವತಿಗೆ ಅವರ ಕೈಬರಹವೋ ಸಹಿ ಇರುವ ಬರಹವೋ ಬೇಕು. ಚೆಕ್ಕಿನಲ್ಲಿ ಸಹಿ ಇರುತ್ತದೆ. ಲಕೋಟೆಯಲ್ಲಿ ಕೊಟ್ಟ ನಗದಿಗೆ ಏನೂ ಇರುವುದಿಲ್ಲ. "ನಿಮ್ಮ ಬಿಲ್ ಪರಿಶೀಲನೆಯಲ್ಲಿದೆ" ಎಂಬ ಉತ್ತರ ಒಪ್ಪಿಗೆಯೋ ಅಲ್ಲವೋ ಎಂಬುದು ವಾದಕ್ಕೆ ಬಿಟ್ಟದ್ದು, ಬಹಳ ಸಲ ಅಲ್ಲ ಎಂದೇ ಆಗುತ್ತದೆ.

ನಮ್ಮ ಊರಿನಲ್ಲಿ ಇನ್ನೊಂದು ಬಗೆಯ ಒಪ್ಪಿಗೆಯಿದೆ. ಮನೆ ಕಟ್ಟಿಸಿದವರು ದೈವದ ಎದುರು ನಿಂತು "ಪತ್ತನಾಜೆಯೊಳಗೆ ಕೊಡುತ್ತೇನೆ" (ಮೇ ಕೊನೆಯ ಸುಮಾರಿಗೆ ಬರುವ ತುಳುನಾಡಿನ ವಿಶೇಷ ದಿನ) ಎಂದು ಮಾತು ಕೊಟ್ಟರೆಂದು ಮೇಸ್ತ್ರಿಯೊಬ್ಬರು ಮೂರು ಪತ್ತನಾಜೆ ಕಾದರು. ಆ ಮಾತಿನ ಮೇಲೆ ನನಗೂ ಗೌರವವಿದೆ, ನಾನೂ ಅದೇ ನೆಲದವಳು. ಆದರೆ ಅದು 18ನೇ ಸೆಕ್ಷನ್ ಕೇಳುವ ಸಹಿಯಲ್ಲ. ಅಂಗಳದಿಂದ ಹೊರಗೆ ಬಂದು ಒಂದು ಕಾಗದದಲ್ಲಿ ಅದನ್ನೇ ಬರೆಸಿಕೊಂಡಿದ್ದರೆ ದೈವಕ್ಕೇನೂ ಅಗೌರವವಾಗುತ್ತಿರಲಿಲ್ಲ.

ಪದಗಳ ಗೊಂದಲದಿಂದಲೂ ದಿನಗಳು ಕಳೆಯುತ್ತವೆ. ಆರ್ಬಿಟ್ರೇಷನ್ನಿಗೂ, ಮೂರನೆಯವರು ಕೂತು ರಾಜಿ ಮಾಡಿಸುವ ಮೀಡಿಯೇಷನ್ನಿಗೂ ಕನ್ನಡದಲ್ಲಿ ನಾವು 'ಮಧ್ಯಸ್ಥಿಕೆ' ಎಂದೇ ಬರೆದುಬಿಡುತ್ತೇವೆ. ಊರಿನ ಗಣ್ಯರೊಬ್ಬರ ಮನೆಯಲ್ಲಿ ಕೂತು ಮಾತಾಡಿದವರೂ ಮಧ್ಯಸ್ಥಿಕೆ ನಡೆಯುತ್ತಿದೆ ಎನ್ನುತ್ತಾರೆ. ಇವು ಮೂರೂ ಬೇರೆ ಬೇರೆ. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ವಾಣಿಜ್ಯ ದಾವೆಗೆ ಮುಂಚೆ, ತುರ್ತು ಮಧ್ಯಂತರ ಆದೇಶ ಬೇಡದಿದ್ದರೆ, ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಮೀಡಿಯೇಷನ್ನಿಗೆ ಹೋಗಲೇಬೇಕು. ಅಲ್ಲಿ ಕಳೆದ ದಿನಗಳನ್ನು ಕಾಲಮಿತಿಯಿಂದ ಕಳೆಯುತ್ತಾರೆ. ಗಣ್ಯರ ಚಾವಡಿಯಲ್ಲಿ ಕಳೆದ ದಿನಗಳನ್ನು ಕಳೆಯುವುದಿಲ್ಲ.

ಒಪ್ಪಂದದಲ್ಲಿ ಆರ್ಬಿಟ್ರೇಷನ್ ಷರತ್ತು ಇದ್ದರೆ, "ಈ ವಿವಾದವನ್ನು ಇಂತಿಷ್ಟನೇ ಷರತ್ತಿನ ಪ್ರಕಾರ ಆರ್ಬಿಟ್ರೇಷನ್ನಿಗೆ ಒಪ್ಪಿಸಬೇಕೆಂದು ಕೋರುತ್ತೇನೆ" ಎಂಬ ವಾಕ್ಯ ನೋಟಿಸಿನಲ್ಲಿ ಇರಬೇಕು. 1996ರ ಆರ್ಬಿಟ್ರೇಷನ್ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಆ ಕೋರಿಕೆ ಎದುರಿನವರಿಗೆ ತಲುಪಿದ ದಿನವೇ ಪ್ರಕ್ರಿಯೆ ಆರಂಭ. ಎಲ್ಲ ನೋಟಿಸುಗಳಲ್ಲಿ ಇದೊಂದಕ್ಕೆ ಮಾತ್ರ ಆ ಬಲ. ಆ ಹಿರಿಯರ ಮೂವತ್ತೊಂದು ಪತ್ರಗಳಲ್ಲಿ ಒಂದರಲ್ಲಿ ಈ ವಾಕ್ಯವಿದ್ದಿದ್ದರೂ ಮಾತು ಬೇರೆಯಾಗುತ್ತಿತ್ತು, ಅವರ ಒಪ್ಪಂದದಲ್ಲಿ ಅಂಥ ಷರತ್ತು ಇತ್ತು.

ಮನೆ ಕಟ್ಟಿಸುವವರಿಗೂ ಇದೇ ಕಥೆ. ಕಾಪುವಿನಲ್ಲಿ ಮನೆ ಕಟ್ಟಿಸಿ ದುಬೈನಲ್ಲಿ ದುಡಿಯುವವರೊಬ್ಬರು, ರಜೆಗೆ ಬಂದಾಗಲೆಲ್ಲ "ಬೇಸಿಗೆಯಲ್ಲಿ ವಾಟರ್‌ಪ್ರೂಫಿಂಗ್ ಮಾಡಿಕೊಡುತ್ತೇನೆ ಅಣ್ಣ" ಎಂಬ ಗುತ್ತಿಗೆದಾರನ ಮಾತು ನಂಬಿ ಮರಳಿ ಹೋದರು. ಗ್ರಾಹಕರ ಆಯೋಗಕ್ಕೆ ಇರುವುದು ಎರಡೇ ವರ್ಷ. ಅಲ್ಲಿ ಸಕಾರಣವಿದ್ದರೆ ವಿಳಂಬ ಮನ್ನಾ ಮಾಡುವ ಅಧಿಕಾರವಾದರೂ ಇದೆ, ಸಿಗುತ್ತದೆಂದು ಭರವಸೆ ಕೊಡಲಾರೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಅಡಿಯಲ್ಲಿ ಬರುವ ಫ್ಲ್ಯಾಟ್ ಆಗಿದ್ದರೆ, ಸ್ವಾಧೀನ ಪಡೆದ ಐದು ವರ್ಷದೊಳಗೆ ತಿಳಿಸಿದ ರಚನಾ ದೋಷವನ್ನು ಬಿಲ್ಡರ್ ಮೂವತ್ತು ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ಸ್ವಂತ ಜಾಗದಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸಿದ ಮನೆಗೆ ಆ ಆಸರೆ ಇಲ್ಲ.

ಫೈಲಿನ ವಿಷಯಕ್ಕೆ ಬರುತ್ತೇನೆ. ನಾನು ಅವರ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟು, "ನೀವು ಬರೆದದ್ದು ಬೇಡ, ಅವರು ಬರೆದದ್ದು ಏನಾದರೂ ಇದ್ದರೆ ಕೊಡಿ" ಎಂದೆ. ಏನೂ ಇಲ್ಲ ಎಂದರು. ಆದರೂ ಕೊನೆಯ ಪುಟದವರೆಗೆ ಮಗುಚಿದೆ. ಫೈಲಿನ ಹಿಂಬದಿಯ ರಟ್ಟಿಗೆ ಅಂಟಿಕೊಂಡಂತೆ, ಸಿಮೆಂಟಿನ ಬೂದು ಕಲೆ ಬಿದ್ದ ಒಂದು ಹಾಳೆ ಇತ್ತು. ಕೆಲಸ ಮುಗಿದ ಎರಡನೇ ವರ್ಷದಲ್ಲಿ ಜಂಟಿಯಾಗಿ ಅಳತೆ ತೆಗೆದದ್ದು. ಪಂಚಾಂಗದ ಉದ್ದಗಲ, ದರ, ಕಳೆದ ಮುಂಗಡ, ಕೆಳಗೆ "ಬಾಕಿ" ಎಂದು ಮೊತ್ತ, ಸಂಸ್ಥೆಯ ಎಂಜಿನಿಯರ್ ಸಹಿ, ತಾರೀಕು. ರಿಜಿಸ್ಟರ್ಡ್ ಅಂಚೆಯಲ್ಲಿ ಬಂದದ್ದಲ್ಲವಾದ್ದರಿಂದ ಅದು ದಾಖಲೆಯೇ ಅಲ್ಲ ಎಂದು ಅವರು ಭಾವಿಸಿದ್ದರು.

ಆ ಸಹಿಯಿಂದ ಎಣಿಸಿದರೆ ಇನ್ನೂ ಹತ್ತು ತಿಂಗಳು ಉಳಿದಿತ್ತು. ಎಂಜಿನಿಯರಿಗೆ ಬಾಕಿ ಒಪ್ಪುವ ಅಧಿಕಾರವಿರಲಿಲ್ಲ ಎಂದು ಎದುರಿನವರು ಖಂಡಿತ ವಾದಿಸುತ್ತಾರೆ, ಏನಾಗುತ್ತದೆಂದು ಈಗಲೇ ಹೇಳಲಾರೆ. ತಡೆಗೋಡೆಯ ಹೆಚ್ಚುವರಿ ಕೆಲಸ ಆ ಹಾಳೆಯಲ್ಲಿ ಇರಲಿಲ್ಲ. ಅದರ ಹಣ ಬಹುತೇಕ ಹೋದ ಹಾಗೆಯೇ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೋಡೆ ಮಾತ್ರ ಗಟ್ಟಿಯಾಗಿ ನಿಂತಿದೆ ಮೇಡಂ, ಒಂದು ಕಲ್ಲೂ ಅಲುಗಿಲ್ಲ" ಎಂದರು. ಆ ಸಂಜೆಯೇ 21ನೇ ಸೆಕ್ಷನ್ ನೋಟಿಸ್ ಬರೆದು, ಮೂವತ್ತೆರಡನೆಯ ಪತ್ರವಾಗಿ ಅಂಚೆಗೆ ಕೊಟ್ಟೆವು.